ಇಪ್ಪತ್ತೊಂದು ದಿನದ ದಾರಿ

ಬೆಂಗಳೂರಿನಿಂದ ಬಳ್ಳಾರಿ ರಸ್ತೆ ಹಿಡಿದು ಉತ್ತರಕ್ಕೆ ಹೊರಟವರಿಗೆ ಹೆಬ್ಬಾಳ ಎಂದರೆ ಈಗ ಒಂದು ಮೇಲುಸೇತುವೆ, ಅದರ ಮೇಲೆ ವಿಮಾನ ನಿಲ್ದಾಣದತ್ತ ಧಾವಿಸುವ ಕಾರುಗಳ ಸಾಲು, ಪಕ್ಕದಲ್ಲೊಂದು ಕೆರೆ. ಆದರೆ ಮಲೆನಾಡಿನ ಮತ್ತು ಬಯಲುಸೀಮೆಯ ಎಷ್ಟೋ ಹಿತ್ತಿಲುಗಳಿಗೆ ಹೆಬ್ಬಾಳ ಎಂದರೆ ಕೋಳಿಯ ಊರು. 1958ರಲ್ಲಿ ಆರಂಭವಾದ ಇಲ್ಲಿನ ಪಶುವೈದ್ಯಕೀಯ ಕಾಲೇಜಿನಲ್ಲೇ, 1980ರ ದಶಕದಲ್ಲಿ, ‘ಗಿರಿರಾಜ’ ಎಂಬ ಬಣ್ಣದ ಕೋಳಿ ರೂಪುಗೊಂಡಿತು. ಆಗ ಈ ಕಾಲೇಜು ಕೃಷಿ ವಿಶ್ವವಿದ್ಯಾಲಯದ ಅಂಗವಾಗಿತ್ತು. ಈಗ ಬೀದರಿನಲ್ಲಿ ಕೇಂದ್ರ ಕಚೇರಿಯಿರುವ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದೆ. ಗಿರಿರಾಜನ ಹಿಂದೆಯೇ ‘ಗಿರಿರಾಣಿ’ ಬಂದಳು. 2005ರಲ್ಲಿ ‘ಸ್ವರ್ಣಧಾರ’ ಬಂತು.

ಸಂಕ್ರಾಂತಿ ಕಳೆದ ವಾರ. ನೆಂಟರ ಮದುವೆಗೆಂದು ಬೆಂಗಳೂರಿಗೆ ಬಂದಿದ್ದ ಮಲೆನಾಡಿನ ರೈತರೊಬ್ಬರು ಮಗಳೊಂದಿಗೆ ಊರಿಗೆ ಹಿಂದಿರುಗುತ್ತಿದ್ದಾರೆ. ಮಗಳು ಎಂಟನೇ ತರಗತಿ. ಅವಳ ತೊಡೆಯ ಮೇಲೆ ಸುತ್ತಲೂ ದುಂಡನೆಯ ತೂತುಗಳಿರುವ ಒಂದು ರಟ್ಟಿನ ಪೆಟ್ಟಿಗೆ. ಒಳಗೆ ಹಿಂದಿನ ದಿನ ಮೊಟ್ಟೆಯೊಡೆದು ಬಂದ ಇಪ್ಪತ್ತು ಗಿರಿರಾಜ ಮರಿಗಳು.

“ಏನಮ್ಮಾ ಅದು, ಚಿಂವ್ ಚಿಂವ್ ಅನ್ನೋದು?” ಎಂದು ನಿರ್ವಾಹಕರು ಟಾರ್ಚು ಬಿಟ್ಟು ನೋಡಿದರು. ನೋಡಿದವರು ನಕ್ಕರು. “ಇಪ್ಪತ್ತು ಜನಕ್ಕೂ ಟಿಕೇಟು ತಗೋಬೇಕಾಗ್ತದೆ” ಎಂದು ತಮಾಷೆ ಮಾಡಿ ಮುಂದೆ ಹೋದರು.

ಬಸ್ಸು ತುಮಕೂರು, ಅರಸೀಕೆರೆ, ಕಡೂರು ದಾಟಿತು. ಹುಡುಗಿಗೆ ನಿದ್ದೆಯಿಲ್ಲ. “ಅಪ್ಪಯ್ಯಾ, ಇವಕ್ಕೆ ಹಸಿವಾಗೋದಿಲ್ವಾ?” ಎಂದು ಎರಡು ಮೂರು ಸಲ ಕೇಳಿದಳು. ಅಪ್ಪನಿಗೂ ಉತ್ತರ ಗೊತ್ತಿರಲಿಲ್ಲ.

ಉತ್ತರ ಮರಿಯ ಹೊಟ್ಟೆಯಲ್ಲಿಯೇ ಇದೆ. ಮೊಟ್ಟೆಯಿಂದ ಹೊರಬರುವ ಮುನ್ನ, ಉಳಿದಿರುವ ಹಳದಿ ಲೋಳೆಯನ್ನು ಮರಿ ತನ್ನ ಹೊಟ್ಟೆಯೊಳಕ್ಕೆ ಎಳೆದುಕೊಂಡಿರುತ್ತದೆ. ಅದು ಎರಡು ದಿನಗಳ ಬುತ್ತಿ. ಕಾವು ಕೂತ ಕೋಳಿಯ ಮೊಟ್ಟೆಗಳೆಲ್ಲ ಒಂದೇ ಗಳಿಗೆಯಲ್ಲಿ ಒಡೆಯುವುದಿಲ್ಲ. ಮೊದಲು ಬಂದ ಮರಿ ಕೊನೆಯ ತಮ್ಮನಿಗಾಗಿ ತಾಯಿಯ ರೆಕ್ಕೆಯಡಿ ಕಾಯಬೇಕಾಗುತ್ತದೆ. ಕಾಯುವಷ್ಟು ಹೊತ್ತು ಉಪವಾಸ ಬೀಳದಿರಲೆಂದು ಪ್ರಕೃತಿ ಮಾಡಿದ ಏರ್ಪಾಡು ಇದು. ಆ ಏರ್ಪಾಡಿನ ಬಲದಿಂದಲೇ ಒಂದು ದಿನದ ಮರಿ ಹೆಬ್ಬಾಳದಿಂದ ತೀರ್ಥಹಳ್ಳಿಯವರೆಗೆ, 350 ಕಿಲೋಮೀಟರಿಗೂ ಮಿಕ್ಕ ದಾರಿಯನ್ನು, ಒಂದು ಕಾಳೂ ಇಲ್ಲದೆ ಕ್ರಮಿಸಬಲ್ಲದು.

ಶಿವಮೊಗ್ಗ ಬಿಟ್ಟ ಮೇಲೆ ಬೆಳಕು ಹರಿಯಿತು. ಗಾಜನೂರು, ಸಕ್ರೆಬೈಲು, ಮಂಡಗದ್ದೆ. ಎಡಬಲದಲ್ಲಿ ಕಾಡು, ಆಗಾಗ ಇಣುಕುವ ತುಂಗೆ. ಮಳೆಗಾಲದಲ್ಲಿ ಬೆಳ್ಳಕ್ಕಿಗಳ ಗೂಡುಗಳಿಂದ ತುಂಬಿರುವ ಮಂಡಗದ್ದೆಯ ನಡುಗಡ್ಡೆಯ ಮರಗಳು ಜನವರಿಯಲ್ಲಿ ಬರಿದಾಗಿದ್ದವು. ತೀರ್ಥಹಳ್ಳಿಯಲ್ಲಿ ಇಳಿದು, ಆಗುಂಬೆಯ ಕಡೆಗೆ ಹೋಗುವ ಬಸ್ಸು ಹಿಡಿದು, ಅಲ್ಲಿಂದ ಒಳಗೆ ಎರಡು ಮೈಲಿ ನಡೆದರೆ ಅವರ ಮನೆ. ಮುಂದೆ ಅಂಗಳ, ಕೆಳಗೆ ಅಡಿಕೆ ತೋಟ, ಹಿಂದೆ ಹಿತ್ತಿಲು. ಹಿತ್ತಿಲ ಬೇಲಿಯಾಚೆ ನೇರವಾಗಿ ಕಾಡು.

ಬಲ್ಬಿನ ಕಾವು

ಅಜ್ಜಿ ಪೆಟ್ಟಿಗೆ ತೆರೆದು ನೋಡಿದರು. “ತಾಯಿ ಎಲ್ಲಿ?” ಎಂದರು.

“ಇವಕ್ಕೆ ತಾಯಿ ಇಲ್ಲ ಅಜ್ಜಿ. ಮೆಷೀನಲ್ಲಿ ಹುಟ್ಟಿದ್ದು.”

“ಹಂಗಾದ್ರೆ ನೀನೇ ತಾಯಿ ಕಣೇ, ನೋಡ್ಕೋ” ಎಂದು ಅಜ್ಜಿ ಒಳಗೆ ಹೋದರು.

ತಾಯಿಯ ಕೆಲಸ ಸುಲಭವಾಗಿರಲಿಲ್ಲ. ಮೊದಲ ವಾರ ಮರಿಗಳಿಗೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತ ಬರಬೇಕು. ಅಗಲವಾದ ಮಂಕರಿಯೊಳಗೆ ಭತ್ತದ ಹೊಟ್ಟು ಹರಡಿ, ಮೇಲೆ ಕಾಗದ ಹಾಸಿ, ಒಂದು ಬಲ್ಬು ಇಳಿಬಿಟ್ಟರು. ಮನೆಯಲ್ಲಿದ್ದ ಎಲ್‌ಇಡಿ ಬಲ್ಬು ಇದಕ್ಕೆ ಬರಲಿಲ್ಲ. ಅದು ಬೆಳಕು ಕೊಟ್ಟೀತೇ ಹೊರತು ಕಾವು ಕೊಡಲಾರದು. ಪೇಟೆಯ ಅಂಗಡಿಯ ಮೂಲೆಯಲ್ಲಿ ಧೂಳು ಹಿಡಿದಿದ್ದ ಹಳೆಯ ತಂತಿಯ ಬಲ್ಬೇ ಬೇಕಾಯಿತು.

ಶಾಖ ಸರಿಯಾಗಿದೆಯೇ ಎಂದು ತಿಳಿಯಲು ಥರ್ಮಾಮೀಟರಿಗಿಂತ ಮರಿಗಳೇ ಮೇಲು. ಚಳಿಯಾದರೆ ಬಲ್ಬಿನ ಕೆಳಗೆ ಒಂದರ ಮೇಲೊಂದು ಗುಪ್ಪೆಯಾಗುತ್ತವೆ. ಸೆಕೆಯಾದರೆ ಕೊಕ್ಕು ತೆರೆದು ಮೂಲೆಗೆ ಸರಿಯುತ್ತವೆ. ಹದವಾಗಿದ್ದರೆ ಎಲ್ಲೆಂದರಲ್ಲಿ ಹರಡಿ ಮಲಗುತ್ತವೆ. ಹುಡುಗಿ ಇದನ್ನು ಎರಡೇ ದಿನದಲ್ಲಿ ಕಲಿತಳು. ಮೊದಲು ಬೆಲ್ಲದ ನೀರು, ಬಳಿಕ ಅಕ್ಕಿನುಚ್ಚು, ಒಡೆದ ಜೋಳ, ಮರಿಗಳಿಗೆಂದೇ ಸಿಗುವ ಸಿದ್ಧ ಆಹಾರ. ಮರಿ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಊಟಕ್ಕೆ ಕೂರುವಂತಿಲ್ಲ ಎಂಬುದು ಅಮ್ಮನ ಕಟ್ಟಪ್ಪಣೆ. ಸರಿಯಾದ ಅಪ್ಪಣೆಯೇ, ಆರೋಗ್ಯವಾಗಿ ಕಾಣುವ ಕೋಳಿಯ ಮೈಮೇಲೂ ಮನುಷ್ಯರ ಹೊಟ್ಟೆ ಕೆಡಿಸುವ ರೋಗಾಣು ಇರಬಹುದು.

ಆರನೆಯ ದಿನ ಅಪ್ಪ ಪೇಟೆಯ ಪಶು ಆಸ್ಪತ್ರೆಗೆ ಹೋಗಿ, ಮಂಜುಗಡ್ಡೆ ಹಾಕಿದ ಫ್ಲಾಸ್ಕಿನಲ್ಲಿ ಕೊಕ್ಕರೆ ರೋಗದ ಲಸಿಕೆ ತಂದರು. ವಿಜ್ಞಾನ ಇದನ್ನು ರಾಣಿಖೇತ್ ರೋಗ ಎನ್ನುತ್ತದೆ. ಕುಮಾವೂ ಬೆಟ್ಟಗಳ ರಾಣಿಖೇತಿನಲ್ಲಿ 1927ರಲ್ಲಿ ಈ ರೋಗವನ್ನು ಗುರುತಿಸಿದ್ದರಿಂದ ಆ ಚೆಲುವಾದ ಊರಿಗೆ ಇಂಥ ಹೆಸರು ಅಂಟಿಕೊಂಡಿತು. ಬಂದರೆ ಒಂದು ವಾರದಲ್ಲಿ ಊರಿನ ಕೋಳಿಗೂಡುಗಳೆಲ್ಲ ಬರಿದಾಗುತ್ತವೆ. ಬಂದ ಮೇಲೆ ಔಷಧಿ ಇಲ್ಲ. ಬರುವ ಮುಂಚೆ ಕಣ್ಣಿಗೆ ಒಂದು ಹನಿ ಬಿಡುವುದೇ ದಾರಿ. ಒಂದು ಸೀಸೆಯ ಲಸಿಕೆ ನೂರು, ಇನ್ನೂರು ಕೋಳಿಗೆ ಆಗುವುದರಿಂದ ಸುತ್ತಲಿನ ನಾಲ್ಕು ಮನೆಯವರೂ ಅಂದು ತಮ್ಮ ಮರಿಗಳನ್ನು ಬುಟ್ಟಿಯಲ್ಲಿ ಹೊತ್ತು ತಂದರು.

ಬಣ್ಣದ ಲೆಕ್ಕ

ಇಪ್ಪತ್ತರಲ್ಲಿ ಎರಡು ಮರಿ ಮೊದಲ ವಾರ ಸತ್ತವು. ಒಂದನ್ನು ಹದ್ದು ಒಯ್ದಿತು. ಉಳಿದ ಹದಿನೇಳು ಆರು ತಿಂಗಳಲ್ಲಿ ಅಂಗಳ ತುಂಬಿದವು. ಕೆಂಪು, ಕಂದು, ಬೂದಿ, ಕಪ್ಪಿನ ಮೇಲೆ ಬಂಗಾರದ ಗೆರೆ, ಬಿಳಿಯ ಮೇಲೆ ಚುಕ್ಕೆ.

ಈ ಬಣ್ಣ ಬರೀ ಅಂದಕ್ಕಲ್ಲ. ಶೆಡ್ಡಿನ ಬಿಳಿ ಕೋಳಿ ಹಸಿರು ಹಿತ್ತಿಲಿಗೆ ಬಂದರೆ ಆಕಾಶದ ಹದ್ದಿಗೆ ಒಗೆದು ಹರಡಿದ ಬಟ್ಟೆಯಂತೆ ಕಾಣುತ್ತದೆ. ಕಂದು, ಬೂದಿ ಬಣ್ಣದ ಕೋಳಿ ತರಗೆಲೆಯಲ್ಲಿ ಬೆರೆತುಹೋಗುತ್ತದೆ. ಹಳ್ಳಿಯ ಸಂತೆಯಲ್ಲೂ ಬಣ್ಣದ ಹುಂಜಕ್ಕೇ ಬೆಲೆ. ಊರ ಕೋಳಿ ವರ್ಷಕ್ಕೆ 50-60 ಮೊಟ್ಟೆ ಇಟ್ಟರೆ ಹೆಚ್ಚು. ಗಿರಿರಾಜ ಅದರ ಎರಡು ಪಟ್ಟಿಗೂ ಮಿಕ್ಕಿ ಇಡುತ್ತದೆ, ಹುಂಜ ಮೂರು ಕಿಲೋ ತೂಗುತ್ತದೆ. ಊರ ಕೋಳಿಯ ಬಣ್ಣ ಮತ್ತು ಗಟ್ಟಿತನ, ಶೆಡ್ಡಿನ ಕೋಳಿಯ ಲಾಭ, ಎರಡೂ ಇರಲಿ ಎಂಬುದೇ ಹೆಬ್ಬಾಳದವರ ಉದ್ದೇಶವಾಗಿತ್ತು.

ಶಾಲೆಯಲ್ಲಿ ಮೆಂಡೆಲನ ಬಟಾಣಿಯ ಪಾಠ ಓದುವ ಮಕ್ಕಳಿಗೆ ಕೋಳಿಗೂಡೂ ಒಂದು ಪ್ರಯೋಗಶಾಲೆ. ಮೆಂಡೆಲನ ನಿಯಮ ಪ್ರಾಣಿಗಳಿಗೂ ಸಲ್ಲುತ್ತದೆಂದು 1902ರಲ್ಲಿ ಇಂಗ್ಲೆಂಡಿನ ವಿಲಿಯಂ ಬೇಟ್ಸನ್ ತೋರಿಸಿಕೊಟ್ಟದ್ದು ಕೋಳಿಯ ಜುಟ್ಟಿನ ಆಕಾರ ನೋಡಿಯೇ. ಬಣ್ಣದ ಆಟಕ್ಕೆ ಸ್ಪೇನಿನ ಆಂಡಲೂಸಿಯನ್ ಕೋಳಿ ಹೆಸರಾಂತ ಉದಾಹರಣೆ. ಕಪ್ಪು ಕೋಳಿಗೂ ಚುಕ್ಕೆಯ ಬಿಳಿ ಕೋಳಿಗೂ ಜೊತೆ ಮಾಡಿದರೆ ಮರಿಗಳೆಲ್ಲ ನೀಲಿಬೂದಿ. ಆದರೆ ಎರಡು ನೀಲಿಬೂದಿ ಕೋಳಿಗಳನ್ನು ಜೊತೆ ಮಾಡಿದರೆ ನಾಲ್ಕರಲ್ಲಿ ಸರಾಸರಿ ಎರಡು ಮಾತ್ರ ನೀಲಿಬೂದಿ. ಒಂದು ಕಪ್ಪು, ಒಂದು ಚುಕ್ಕೆಯ ಬಿಳಿ. ಹಲವು ವಂಶಗಳನ್ನು ಬೆರೆಸಿ ಮಾಡಿದ ಗಿರಿರಾಜನ ಸಂಗತಿಯೂ ಹೀಗೆಯೇ. ಅದರ ಮೊಟ್ಟೆಯಿಂದ ಮರಿ ಬರುತ್ತದೆ. ಆದರೆ ಎಲ್ಲ ಮರಿಯೂ ತಂದೆತಾಯಿಯಷ್ಟೇ ತೂಗೀತು, ಅಷ್ಟೇ ಮೊಟ್ಟೆ ಇಟ್ಟೀತು ಎಂಬ ಭರವಸೆಯಿಲ್ಲ. ಲಾಭಕ್ಕೆ ಸಾಕುವವರು ಮರಿಗಳನ್ನು ಮತ್ತೆ ಕೇಂದ್ರದಿಂದಲೇ ತರಬೇಕು ಎನ್ನುವುದು ಇದಕ್ಕಾಗಿ.

ಹಿತ್ತಿಲಾಚೆಯ ಕಾಡಿನಲ್ಲಿ ಬೆಳಗಿನ ಜಾವ ಇನ್ನೊಂದು ಹುಂಜ ಕೂಗುತ್ತದೆ. ಊರ ಹುಂಜದ ನೀಳ ಕೂಗಲ್ಲ ಅದು. ತುಂಡು ತುಂಡಾದ, ಗಡಸು ದನಿ. ಅದು ಪಶ್ಚಿಮ ಘಟ್ಟದ ಬೂದು ಕಾಡುಕೋಳಿ. ಸಾಕುಕೋಳಿಯ ಮೂಲ ಇದಲ್ಲ. ಚೀನಾದ ನೈಋತ್ಯ ಭಾಗ, ಬರ್ಮಾ, ಥಾಯ್ಲೆಂಡಿನ ಉತ್ತರ ಭಾಗಗಳ ಕೆಂಪು ಕಾಡುಕೋಳಿಯೇ ಸಾಕುಕೋಳಿಯ ಮುಖ್ಯ ಮೂಲಪುರುಷ ಎಂದು 2020ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ಹೇಳಿತು. ಆದರೆ ಅನೇಕ ಸಾಕುಕೋಳಿಗಳ ಹಳದಿ ಕಾಲು ಮತ್ತು ಹಳದಿ ಚರ್ಮದ ಗುಣ ಮಾತ್ರ ಈ ಬೂದು ಕಾಡುಕೋಳಿಯಿಂದ ಬಂದದ್ದೆಂದು 2008ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಕಂಡುಕೊಂಡಿದ್ದರು. ಲೋಕದ ಎಷ್ಟೋ ದೇಶಗಳ ಅಂಗಳದಲ್ಲಿ ಹಳದಿ ಕಾಲಿನಲ್ಲಿ ಕೆದರುವ ಕೋಳಿಗೆ ದಕ್ಷಿಣ ಭಾರತದ ಕಾಡಿನ ಸಣ್ಣದೊಂದು ಋಣ ಇದೆ.

ಥರ್ಮೋಕೋಲಿನ ಪೆಟ್ಟಿಗೆ

ಜುಲೈಯಲ್ಲಿ ಎಂಟು ಹ್ಯಾಟೆಗಳೂ ಮೊಟ್ಟೆ ಇಡತೊಡಗಿದವು. ಹುಂಜಗಳಲ್ಲಿ ಒಂದನ್ನು ಉಳಿಸಿಕೊಂಡು ಉಳಿದವನ್ನು ಮಾರಿದ್ದಾಗಿತ್ತು. ಹತ್ತು ಹ್ಯಾಟೆಗೆ ಒಂದು ಹುಂಜವಿದ್ದರೆ ಮೊಟ್ಟೆಗಳು ಫಲವಾಗಲು ಸಾಕು.

ಹುಡುಗಿಗೆ ಮನೆಯಲ್ಲೇ ಮರಿ ಮಾಡಿಸುವ ಆಸೆ. ಎಂಟು ಹ್ಯಾಟೆಗಳಲ್ಲಿ ಯಾವುದಾದರೂ ಒಂದು ಕಾವಿಗೆ ಕೂತೀತೆಂದು ಕಾದಳು. ಒಂದೂ ಕೂರಲಿಲ್ಲ. ಮೊಟ್ಟೆ ಇಟ್ಟು, ಕೊಕ್ಕೊಕ್ಕೋ ಎಂದು ಊರಿಗೆ ಸಾರಿ, ಮೇಯಲು ಹೋಗುತ್ತಿದ್ದವು. ಕಾವಿಗೆ ಕೂತ ಕೋಳಿ ಮೊಟ್ಟೆ ಇಡುವುದನ್ನು ನಿಲ್ಲಿಸುತ್ತದೆ. ಆದ್ದರಿಂದ ಹೆಚ್ಚು ಮೊಟ್ಟೆಯ ಕೋಳಿಯನ್ನು ಆರಿಸುತ್ತ, ಆರಿಸುತ್ತ ಬಂದ ಮನುಷ್ಯ, ಅರಿತೋ ಅರಿಯದೆಯೋ, ಕಾವು ಕೂರುವ ಸ್ವಭಾವವನ್ನು ಅದರಿಂದ ಕಳೆದುಬಿಟ್ಟಿದ್ದಾನೆ. ಸಾವಿರಾರು ಮೊಟ್ಟೆಗೆ ಒಮ್ಮೆಲೇ ಕಾವು ಕೊಡುವ ಯಂತ್ರ ಇರುವಲ್ಲಿ ಅದು ಕೊರತೆಯಲ್ಲ. ಹಿತ್ತಿಲಿನಲ್ಲಿ ಕೊರತೆಯೇ.

ಶಾಲೆಯ ವಿಜ್ಞಾನ ಮೇಷ್ಟ್ರ ಸಲಹೆಯಂತೆ ಒಂದು ಥರ್ಮೋಕೋಲ್ ಪೆಟ್ಟಿಗೆ ಸಿದ್ಧವಾಯಿತು. ಒಳಗೊಂದು ಬಲ್ಬು, ಶಾಖ ನಿಯಂತ್ರಿಸುವ ಚಿಕ್ಕ ಸಾಧನ, ಸಣ್ಣದೊಂದು ಫ್ಯಾನು, ತೇವಕ್ಕೆ ನೀರಿನ ತಟ್ಟೆ. ಫ್ಯಾನು ತಿರುಗುವ ಪೆಟ್ಟಿಗೆಯಲ್ಲಿ ಶಾಖ 37.5 ಡಿಗ್ರಿಯಿರಬೇಕು. ತೇವ ಮೊದಲ ಹದಿನೆಂಟು ದಿನ ಶೇಕಡಾ 55-60, ಕೊನೆಯ ಮೂರು ದಿನ ಇನ್ನೂ ಹೆಚ್ಚು. ಮೊಟ್ಟೆಗಳನ್ನು ದಿನಕ್ಕೆ ಮೂರು ಸಲವಾದರೂ ಹೊರಳಿಸಬೇಕು. ಇಲ್ಲವಾದರೆ ಒಳಗಿನ ಭ್ರೂಣ ಪೊರೆಗೆ ಅಂಟಿಕೊಳ್ಳುತ್ತದೆ. ಹದಿನೆಂಟನೆಯ ದಿನದ ಬಳಿಕ ಮುಟ್ಟಬಾರದು. ಹುಡುಗಿ ಏಳು ದಿನಕ್ಕಿಂತ ಹಳೆಯದಲ್ಲದ ಇಪ್ಪತ್ನಾಲ್ಕು ಮೊಟ್ಟೆ ಆರಿಸಿ, ಒಂದು ಪಕ್ಕಕ್ಕೆ ಪೆನ್ಸಿಲ್ಲಿನಿಂದ ಗುರುತು ಹಾಕಿ ಇಟ್ಟಳು.

ಏಳನೆಯ ರಾತ್ರಿ ದೀಪವಾರಿಸಿ, ಟಾರ್ಚಿನ ಬಾಯಿಗೆ ಒಂದೊಂದೇ ಮೊಟ್ಟೆ ಹಿಡಿದು ನೋಡಿದರು. ನಾಲ್ಕು ಮೊಟ್ಟೆ ಬರಿ ತಿಳಿ. ಇಪ್ಪತ್ತರಲ್ಲಿ ಜೇಡನ ಕಾಲಿನಂತೆ ಹರಡಿದ ಕೆಂಪು ನರಗಳು, ನಡುವೆ ಮಿಸುಕುವ ಕಪ್ಪು ಚುಕ್ಕೆ. ಎರಡನೆಯ ದಿನವೇ ಮಿಡಿಯಲಾರಂಭಿಸಿದ ಹೃದಯ ಅದರೊಳಗಿತ್ತು. ಅಜ್ಜಿ ಕನ್ನಡಕ ಹಾಕಿಕೊಂಡು ನೋಡಿ, ಬಹಳ ಹೊತ್ತು ಮಾತಾಡಲಿಲ್ಲ. ಎಪ್ಪತ್ತು ವರ್ಷ ಕೋಳಿ ಸಾಕಿದವರು. ಮೊಟ್ಟೆಯ ಒಳಗನ್ನು ಅವರು ಕಂಡದ್ದು ಅದೇ ಮೊದಲು.

ಹನ್ನೆರಡನೆಯ ದಿನ ಮಳೆಗಾಳಿಗೆ ಎಲ್ಲೋ ಮರ ಬಿದ್ದು ಕರೆಂಟು ಹೋಯಿತು. ಮಲೆನಾಡಿನ ಆಗಸ್ಟಿನಲ್ಲಿ ಇದು ಸುದ್ದಿಯೇ ಅಲ್ಲ. ಒಂದೆರಡು ತಾಸಾದರೆ ಮೊಟ್ಟೆ ತಡೆದುಕೊಳ್ಳುತ್ತದೆ. ಹುಡುಗಿ ಬಿಸಿನೀರಿನ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯೊಳಗೆ ಇಟ್ಟಳು, ಕಂಬಳಿ ಹೊದಿಸಿದಳು, ರಾತ್ರಿ ಎರಡು ಸಲ ಎದ್ದು ನೀರು ಕಾಯಿಸಿದಳು. ಕರೆಂಟು ಬಂದದ್ದು ಮೂರನೆಯ ದಿನ ಸಂಜೆ. ಆಮೇಲೂ ವಾರವಿಡೀ ಕಾದು, ಮತ್ತೆ ಟಾರ್ಚು ಹಿಡಿದರೆ ಯಾವುದರಲ್ಲೂ ಮಿಸುಕಾಟವಿಲ್ಲ. ಮೇಷ್ಟ್ರು ಹೇಳಿದಂತೆ ಒಂದನ್ನು ಒಡೆದು ನೋಡಿದಳು. ಬೆರಳ ತುದಿಯಷ್ಟು ಮರಿ. ಮೈಮೇಲೆ ತುಪ್ಪಳ ಮೂಡುತ್ತಿತ್ತು. ಕೊಕ್ಕಿನ ತುದಿಯಲ್ಲಿ ಚಿಪ್ಪು ಒಡೆಯಲೆಂದೇ ಬರುವ ಬಿಳಿಯ ಹಲ್ಲಿನಂಥ ಮೊನೆ ಆಗಲೇ ಬಂದಿತ್ತು. ಅಂದು ಅವಳು ಊಟ ಮಾಡಲಿಲ್ಲ. ಇಪ್ಪತ್ತು ಮೊಟ್ಟೆಗಳನ್ನೂ ಅಜ್ಜಿಯೇ ತೆಂಗಿನ ಬುಡದಲ್ಲಿ ಹೂಳಿದರು.

ಕರಿ ಹ್ಯಾಟೆ

ಆ ಮನೆಯಲ್ಲಿ ಮೊದಲಿನಿಂದ ಇದ್ದ ಊರ ಕೋಳಿಗಳಲ್ಲಿ ಉಳಿದದ್ದು ಒಂದೇ, ಒಂದು ಕರಿ ಹ್ಯಾಟೆ. ಗಿರಿರಾಜನ ಮುಂದೆ ಅದು ಕಾಗೆಯ ಗಾತ್ರ. ಹನ್ನೆರಡು ಹದಿನಾಲ್ಕು ಮೊಟ್ಟೆ ಇಟ್ಟರೆ ಕಾವಿಗೆ ಕೂತುಬಿಡುವುದು ಅದರ ಚಾಳಿ. ಸೆಪ್ಟೆಂಬರಿನಲ್ಲಿ ಮತ್ತೆ ಬರಿಯ ಬುಟ್ಟಿಯಲ್ಲೇ ಕೂತು, ಹತ್ತಿರ ಹೋದವರಿಗೆ ಗರಿ ಕೆದರಿ ಗುರ್‍ರೆನ್ನತೊಡಗಿತು.

“ನೀರಿಗೆ ಅದ್ದಿ ಕಾವು ಬಿಡಿಸಿ” ಎಂದರು ಅಪ್ಪ. “ಇಲ್ಲಾಂದ್ರೆ ಭಾನುವಾರ ನೆಂಟ್ರು ಬರ್ತಾರೆ, ಕಡುಬಿಗಾಯ್ತು. ತಿನ್ನೋದು ಬಿಟ್ರೆ ಅದರಿಂದ ಏನು ಪ್ರಯೋಜನ?”

“ಅದು ಮಾಡೋ ಕೆಲಸ ನಿನ್ನ ಎಂಟು ರಾಣಿಯರಿಗೆ ಬರ್ತದೇನೋ?” ಎಂದರು ಅಜ್ಜಿ.

ಅಪ್ಪ ಮಾತಾಡಲಿಲ್ಲ. ಅಜ್ಜಿ ಬಿದಿರ ಬುಟ್ಟಿಗೆ ಬೂದಿ ಹರಡಿ, ಹೇನು ಹತ್ತದಿರಲೆಂದು ಲಕ್ಕಿ ಸೊಪ್ಪು ಹಾಕಿ, ಒಣಹುಲ್ಲು ಹಾಸಿದರು. ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಒಂದು ಕಬ್ಬಿಣದ ಮೊಳೆಯನ್ನೂ ಇಟ್ಟರು. ಮೊಳೆಗೂ ಗುಡುಗಿಗೂ ಏನು ಸಂಬಂಧ ಎಂದು ಮೊಮ್ಮಗಳು ಕೇಳಲಿಲ್ಲ. ಪೆಟ್ಟಿಗೆಯ ಸೋಲಿನ ಬಳಿಕ ಅವಳಿಗೆ ವಾದ ಬೇಕಿರಲಿಲ್ಲ. ಗಿರಿರಾಜನ ಮೊಟ್ಟೆ ದಪ್ಪ, ಹ್ಯಾಟೆ ಚಿಕ್ಕದು. ಆದ್ದರಿಂದ ಒಂಬತ್ತೇ ಮೊಟ್ಟೆ ಇಟ್ಟರು. ಕತ್ತಲಾದ ಮೇಲೆ ಕರಿ ಹ್ಯಾಟೆಯನ್ನು ಮೆಲ್ಲನೆ ಕೂರಿಸಿದರು. ಅದು ಒಂದೊಂದೇ ಮೊಟ್ಟೆಯನ್ನು ಕೊಕ್ಕಿನಿಂದ ಹೊಟ್ಟೆಯಡಿ ಎಳೆದುಕೊಂಡು, ಮೈ ಅಗಲಿಸಿ, ಕಣ್ಣು ಮುಚ್ಚಿತು.

ಮುಂದಿನ ದಿನಗಳನ್ನು ಹುಡುಗಿ ಹಳೆಯ ನೋಟುಬುಕ್ಕಿನಲ್ಲಿ ಬರೆದಿಟ್ಟಳು. ದಿನಕ್ಕೆ ಒಂದೇ ಸಲ, ಕಾಲು ತಾಸು, ಹ್ಯಾಟೆ ಹೊರಬರುತ್ತಿತ್ತು. ಅವಸರದಿಂದ ನಾಲ್ಕು ಕಾಳು, ನಾಲ್ಕು ಗುಟುಕು ನೀರು, ಸ್ವಲ್ಪ ಮಣ್ಣಿನ ಸ್ನಾನ, ಮತ್ತೆ ಬುಟ್ಟಿ. ಅದರ ಎದೆಯ ಗರಿಗಳು ಉದುರಿ ಚರ್ಮ ಬರಿದಾಗಿತ್ತು. ಮೈಯ ಬಿಸಿ ನೇರವಾಗಿ ಮೊಟ್ಟೆಗೆ ತಗಲುವುದು ಹೀಗೆ. ಪೆಟ್ಟಿಗೆಯ ಹೊತ್ತಿನಲ್ಲಿ ಅವಳು ಗಡಿಯಾರ ನೋಡಿ ಮಾಡುತ್ತಿದ್ದ ಹೊರಳಿಸುವ ಕೆಲಸವನ್ನು ಹ್ಯಾಟೆ ತಾನೇ ಮಾಡುತ್ತಿತ್ತು. ಕರೆಂಟು ಈ ನಡುವೆ ಐದು ಸಲ ಹೋಯಿತು. ನೋಟುಬುಕ್ಕಿನಲ್ಲಿ ಅದನ್ನೂ ಬರೆದಳು. ಪಕ್ಕದಲ್ಲಿ ‘ಕೋಳಿಗೆ ಗೊತ್ತಾಗಲಿಲ್ಲ’ ಎಂದು.

ಏಳನೆಯ ರಾತ್ರಿ ಟಾರ್ಚಿಗೆ ಹಿಡಿದಾಗ ಒಂದು ಮೊಟ್ಟೆ ತಿಳಿ, ತೆಗೆದರು. ಇಪ್ಪತ್ತನೆಯ ದಿನ ಸಂಜೆ ಬುಟ್ಟಿಗೆ ಕಿವಿಯಿಟ್ಟರೆ ಚಿಪ್ಪಿನೊಳಗಿಂದ ಕ್ಷೀಣವಾದ ಚಿಂವ್‌ಗುಟ್ಟುವಿಕೆ. ಮೊಟ್ಟೆಯ ದಪ್ಪ ತುದಿಯಲ್ಲಿರುವ ಗಾಳಿಯ ಚೀಲಕ್ಕೆ ಕೊಕ್ಕು ತೂರಿ ಮರಿ ಮೊದಲ ಉಸಿರು ಎಳೆದುಕೊಳ್ಳುವ ಹೊತ್ತು ಅದು. ಕರಿ ಹ್ಯಾಟೆ ಗಂಟಲೊಳಗೇ ಕುರ್ ಕುರ್ ಎಂದು ಉತ್ತರ ಕೊಡುತ್ತಿತ್ತು. ಯಂತ್ರದಲ್ಲಿ ಹುಟ್ಟಿದ ಮರಿಗಳಿಗೆ ಇಂಥ ಉತ್ತರ ಸಿಕ್ಕಿರುವುದಿಲ್ಲ.

ಮಾರನೆಯ ದಿನ ಶಾಲೆಯಿಂದ ಬರುವಷ್ಟರಲ್ಲಿ ಏಳು ಮರಿ ರೆಕ್ಕೆಯಡಿಯಿಂದ ಇಣುಕುತ್ತಿದ್ದವು. ಎರಡು ಹುಲ್ಲಿನ ಬಣ್ಣ, ಮೂರು ಕಂದು ಪಟ್ಟೆಯವು, ಒಂದು ಬೂದಿ, ಒಂದು ಅಪ್ಪಟ ಕಪ್ಪು. ಎಂಟನೆಯದು ಚಿಪ್ಪಿನಲ್ಲಿ ಬಿರುಕು ಮಾಡಿ ಅಲ್ಲಿಯೇ ಸತ್ತಿತ್ತು. “ನಾವು ಬಿಡಿಸಿದ್ರೆ ಬದುಕ್ತಿತ್ತಾ ಅಜ್ಜಿ?” ಎಂದಳು. “ಇಲ್ಲ ಮಗಾ. ಬರೋಕೆ ಆಗೋದು ತಾನೇ ಬರ್ತದೆ” ಎಂದರು ಅಜ್ಜಿ.

ಹುಂಜಗಳ ಪಾಲು

ಮನೆಯಲ್ಲಿ ಮರಿ ಮಾಡಿಸುವ ಪ್ರತಿಯೊಂದು ಕುಟುಂಬವೂ ಒಂದು ದಿನ ಎದುರಿಸಲೇಬೇಕಾದ ಪ್ರಶ್ನೆಯಿದೆ. ಹುಟ್ಟುವ ಮರಿಗಳಲ್ಲಿ ಸರಿಸುಮಾರು ಅರ್ಧ ಹುಂಜಗಳು. ಒಂದು ಅಂಗಳಕ್ಕೆ ಒಂದು ಹುಂಜ ಸಾಕು. ಹೆಚ್ಚಾದರೆ ಜುಟ್ಟು ಹರಿಯುವವರೆಗೆ ಕಾದಾಡುತ್ತವೆ. ಮಕ್ಕಳಿಂದ ಇದನ್ನು ಮುಚ್ಚಿಟ್ಟು, ಶಾಲೆಗೆ ಹೋದ ಹೊತ್ತಿನಲ್ಲಿ ಕೆಲಸ ಮುಗಿಸಿ, ‘ನರಿ ಕೊಂಡೊಯ್ದಿತು’ ಎನ್ನುವ ತಂದೆತಾಯಿಯರು ಇದ್ದಾರೆ. ಮಕ್ಕಳಿಗೆ ಆ ನರಿಯ ಮೇಲೆ ನಂಬಿಕೆ ಬಹಳ ದಿನ ಇರುವುದಿಲ್ಲ.

ಆ ಮನೆಯಲ್ಲಿ ಹಾಗಾಗಲಿಲ್ಲ. ಏಳರಲ್ಲಿ ನಾಲ್ಕು ಹುಂಜ. ಬೇಸಿಗೆಯಲ್ಲಿ ಅವು ಕೂಗಲು ಕಲಿತಾಗ ಅಪ್ಪ ಮಗಳನ್ನು ಕೂರಿಸಿಕೊಂಡು ಮುಚ್ಚುಮರೆಯಿಲ್ಲದೆ ಹೇಳಿದರು: “ಎರಡು ಮಾರೋಣ. ಒಂದು ಹಬ್ಬಕ್ಕೆ. ಒಂದು ಇರ್ಲಿ, ಯಾವ್ದು ಅಂತ ನೀನೇ ಹೇಳು.” ಅವಳು ಒಂದು ದಿನ ತೆಗೆದುಕೊಂಡಳು. ಕಡೆಗೆ ಬೂದಿ ಬಣ್ಣದ್ದನ್ನು ಉಳಿಸಿಕೊಂಡಳು. ಹಬ್ಬದ ದಿನ ಅವಳು ಸಾರು ಬಡಿಸಿಕೊಳ್ಳಲಿಲ್ಲ. ಕಡುಬಿಗೆ ತುಪ್ಪ ಹಾಕಿಕೊಂಡು ತಿಂದಳು. ಯಾರೂ ಒತ್ತಾಯ ಮಾಡಲಿಲ್ಲ, ಯಾರೂ ನಗಲಿಲ್ಲ.

ಹೊಸ ಮರಿಗಳು ತಾಯಂದಿರಷ್ಟು ದೊಡ್ಡದಾಗಲಿಲ್ಲ. ಬಣ್ಣಗಳೂ ಬೇರೆ ಬೇರೆ. ಹೆಬ್ಬಾಳದವರು ಹೇಳುವುದು ಸರಿಯೇ ಎಂದು ಅಪ್ಪ ಒಪ್ಪಿಕೊಂಡರು. ಮುಂದಿನ ಸಂಕ್ರಾಂತಿಗೆ ಮತ್ತೊಂದು ಪೆಟ್ಟಿಗೆ ಮರಿ ತರುವುದೆಂದು ನಿರ್ಧಾರವಾಯಿತು. ಆದರೆ ಕರಿ ಹ್ಯಾಟೆಯನ್ನು ನೀರಿಗೆ ಅದ್ದುವ ಮಾತು ಮತ್ತೆ ಬರಲಿಲ್ಲ. ಮೊಟ್ಟೆಯ ಲೆಕ್ಕದಲ್ಲಿ ಅದು ಸೋತ ಕೋಳಿ. ಆದರೆ ಕೂರುವುದು ಗೊತ್ತಿರುವ ಕೋಳಿ ಆ ಅಂಗಳದಲ್ಲಿ ಅದೊಂದೇ. ಹೆಚ್ಚು ಮೊಟ್ಟೆಯ ಕೋಳಿಯನ್ನು ಪೇಟೆಯಿಂದ ತರಬಹುದು. ಇಪ್ಪತ್ತೊಂದು ದಿನ ಕೂರುವ ತಾಳ್ಮೆ ಊರಿನಿಂದ ಒಮ್ಮೆ ಹೋದರೆ ಯಾವ ಪೆಟ್ಟಿಗೆಯಲ್ಲೂ ತಿರುಗಿ ಬರುವುದಿಲ್ಲ.

ಈ ಮಾತು ಸುತ್ತಲಿನ ಮನೆಗಳಿಗೂ ತಟ್ಟಿದಂತಿದೆ. ಮೇಲಿನ ಮನೆಯವರು ಮೊನ್ನೆ ಬಂದು ಅಂಗಳದಲ್ಲಿ ಕೂತರು. ಕಾಫಿ ಕುಡಿದು, ಮಳೆಯ ಮಾತು, ಅಡಿಕೆಯ ಮಾತು ಎಲ್ಲ ಆದ ಮೇಲೆ ಬಂದ ವಿಷಯ ಹೇಳಿದರು. “ನಿಮ್ಮ ಕರಿ ಹ್ಯಾಟೆ ಮುಂದಿನ ಸಲ ಕಾವಿಗೆ ಕೂತಾಗ ನಮ್ಮದೂ ನಾಲ್ಕು ಮೊಟ್ಟೆ ಇಡ್ಬಹುದಾ?”

ಅಜ್ಜಿ ಮೊಮ್ಮಗಳ ಕಡೆ ನೋಡಿದರು. ಅವಳು ಒಳಗೆ ಹೋಗಿ ನೋಟುಬುಕ್ಕು ತಂದು, ಹೊಸ ಹಾಳೆಯ ಮೇಲೆ ಅವರ ಹೆಸರು ಬರೆದುಕೊಂಡಳು.